ತವರಿನ ತೊಟ್ಟಿ

ತಪ್ಪು ತನ್ನದೇ ಆಗಿರಲಿ ಎಂದು ಅವನು ಬೆಳಗಿನಿಂದ ಬೇಡಿಕೊಳ್ಳುತ್ತಲೇ ಇದ್ದ. ಯಾರನ್ನು ಬೇಡುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಹಾಸಿಗೆ ಮಡಿಸುವಾಗ, ಶರ್ಟಿನ ಗುಂಡಿ ಹಾಕುವಾಗ, ನಾಲಿಗೆಯ ತುದಿಯಲ್ಲಿ ಅದೇ ಮಾತು. ಹುಟ್ಟಿದಾಗಿನಿಂದ ಎಲ್ಲಿ ತಪ್ಪಾಗುತ್ತದೋ ಎಲ್ಲಿ ತಪ್ಪಾಗುತ್ತದೋ ಎಂದು ಹೆದರಿ ಸಾಯುತ್ತಿದ್ದ ಮನುಷ್ಯ ಹೀಗೆ ಉಲ್ಟಾ ಬೇಡಿಕೊಳ್ಳುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಹಲ್ಲುಜ್ಜುತ್ತಾ ನಿಂತಾಗ ಅವನಿಗೂ ಬಂತು. ಕನ್ನಡಿಯಲ್ಲಿ ನೊರೆ ಸಮೇತ ನಗುತ್ತಿದ್ದ ತನ್ನ ಮುಖ ಕಂಡು ಗಾಬರಿಯಾಗಿ ನಲ್ಲಿಗೆ ಕೈಯೊಡ್ಡಿ ಬಾಯಿ ಮುಕ್ಕಳಿಸಿದ. ಮುಕ್ಕಳಿಸಿದ ಮೇಲೆ ಇದು ಯಾವ ನೀರು ಎಂಬುದು ನೆನಪಾಗಿ ಉಗಿದ. ಮತ್ತೆ ಉಗಿದ. ಉಗಿಯಲು ಬಾಯಲ್ಲಿ ಏನೂ ಉಳಿಯದಿದ್ದರೂ ಉಗಿಯುತ್ತಲೇ ಇದ್ದ. ಅಡುಗೆಮನೆಯಿಂದ ತಂಗಿ, "ಏನಣ್ಣ, ಬಸುರಿ ನಾನೋ ನೀನೋ?" ಎಂದು ಕೂಗಿ ತನ್ನ ಮಾತಿಗೆ ತಾನೇ ನಕ್ಕಳು. ಗಂಡ ಹಡಗಿನ ಕೆಲಸದ ಮೇಲೆ ಹೋಗಿದ್ದರಿಂದ ಹೆರಿಗೆ ಮುಗಿಯುವವರೆಗೆ ಇರುತ್ತೇನೆಂದು ಅಣ್ಣನ ಮನೆಗೆ ಬಂದಿದ್ದಳು. ಅಪ್ಪ ಅಮ್ಮ ಇಲ್ಲದ ಅವಳಿಗೆ ತವರು ಎಂದರೆ ಈ ಬಾಡಿಗೆ ಮನೆ, ಮದುವೆಯಾಗದ ಈ ಹೆದರುಪುಕ್ಕಲ ಅಣ್ಣ.

ಹಿಂದಿನ ಸಂಜೆ ಲೆಕ್ಕದಮ್ಮ ಅವನನ್ನು ಕರೆದು ಕಂಪ್ಯೂಟರಿನ ಪರದೆ ತೋರಿಸಿದ್ದಳು. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಮೊದಲ ದಿನ ಬಾಲದ ಚೂರು ಕತ್ತರಿಸಿಕೊಳ್ಳುವುದು ಬಿಟ್ಟರೆ ಮೀನನ್ನು ಮುಟ್ಟುತ್ತಿರಲಿಲ್ಲ, ನೀರನ್ನು ಮುಟ್ಟುತ್ತಿರಲಿಲ್ಲ. ಇವನು ಮೀನಿನ ಲಿವರ್ ತೆಗೆದು, ಅರೆದು, ಟ್ಯೂಬಿಗೆ ತುಂಬಿ ಯಂತ್ರಕ್ಕೆ ಕೊಟ್ಟದ್ದು ಕೋಟಿಗಟ್ಟಲೆ ಅಕ್ಷರಗಳಾಗಿ ಹೊರಬಿದ್ದ ಮೇಲೆ ಅವಳ ಕೆಲಸ ಶುರು. ಯಾವ ಜೀನ್ ಎದ್ದಿದೆ, ಯಾವುದು ಮಲಗಿದೆ ಎಂದು ಎಣಿಸಿ ಹೇಳುವುದು. ನೀರಿನಲ್ಲಿ ಬೇಡದ್ದೇನಾದರೂ ಬೆರೆತರೆ ಮೀನು ಸಾಯುವ ಮೊದಲೇ, ಸೊರಗುವ ಮೊದಲೇ, ಅದರೊಳಗೆ ಮಲಗಿದ್ದ ಕೆಲವು ಜೀನುಗಳು ದಡಬಡ ಎದ್ದು ಕೂರುತ್ತವೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಮೀನು ತಿನ್ನುತ್ತದೆ, ಈಜುತ್ತದೆ, ಗಾಜಿಗೆ ಮೂತಿ ತಾಗಿಸುತ್ತದೆ. ಒಳಗೆ ಮಾತ್ರ ಗಲಾಟೆ. ಆ ಗಲಾಟೆಯನ್ನು ಓದುವುದಕ್ಕೇ ಈ ಲ್ಯಾಬು. ಪರದೆಯ ಮೇಲೆ ಎದ್ದದ್ದು ಕೆಂಪು, ಮಲಗಿದ್ದು ನೀಲಿ. "ನೋಡ್ರೀ," ಎಂದಳು ಲೆಕ್ಕದಮ್ಮ, "ಇದು ಅತ್ತೆಮನೆ, ಇದು ತವರು." ಅತ್ತೆಮನೆ ನೀಲಿಯಾಗಿ ತಣ್ಣಗೆ ಮಲಗಿತ್ತು. ತವರು ಮೇಲಿನಿಂದ ಕೆಳಗಿನವರೆಗೆ ಕೆಂಪಗೆ ಹೊತ್ತಿಕೊಂಡಿತ್ತು. ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅದು ಹೆಣ್ಣು ಮೀನಿನಲ್ಲಿ ಮೊಟ್ಟೆಯ ಹಳದಿ ತಯಾರಿಸುವ ಜೀನು. ಇವನು ಕೊಟ್ಟಿದ್ದ ಮೀನುಗಳೆಲ್ಲ ಗಂಡು.

ಆ ಹೆಸರುಗಳನ್ನು ಇಟ್ಟವರು ಮೇಷ್ಟ್ರು. ಲ್ಯಾಬಿನ ಮುಖ್ಯಸ್ಥರು ಅವರು. ಎದುರಿಗೆ ಎಲ್ಲರಿಗೂ ಸರ್, ಬೆನ್ನ ಹಿಂದೆ ಮೇಷ್ಟ್ರು. ಕಾರ್ಖಾನೆಗಳ ಕೆಳಗಿನ ನದಿಯಿಂದ ತಂದ ನೀರಿನ ತೊಟ್ಟಿ ಒಂದು, ಹೋಲಿಕೆಗೆಂದು ಶುದ್ಧ ನೀರಿನ ತೊಟ್ಟಿ ಇನ್ನೊಂದು. ಶುದ್ಧ ನೀರು ಎಂದರೆ ನಲ್ಲಿ ನೀರು, ಊರೆಲ್ಲ ಕುಡಿಯುವ ನೀರು; ಡ್ರಮ್ಮಿನಲ್ಲಿ ಬಾಯಿ ತೆರೆದಿಟ್ಟು ಕ್ಲೋರಿನ್ ವಾಸನೆ ಹೋಗಲು ಬಿಟ್ಟು ತೊಟ್ಟಿಗೆ ಸುರಿಯುತ್ತಿದ್ದರು. ಇದಕ್ಕೆ ಹಿಂದಿನ ಕೆಲಸವೊಂದರಲ್ಲಿ ಇವನು ಟ್ಯೂಬುಗಳ ಸ್ಟ್ಯಾಂಡನ್ನು ಹಿಂದುಮುಂದಾಗಿ ಇಟ್ಟು, ಮೊದಲನೆಯದು ಕೊನೆಯದಾಗಿ, ಎಲ್ಲರ ತಿಂಗಳುಗಟ್ಟಲೆ ದುಡಿಮೆ ನೀರುಪಾಲಾಗಿತ್ತು. ಅಂದಿನಿಂದ ಅವನ ಹೆಸರು ಹಿಂದ್ಮುಂದು. ಹೊಸ ಕೆಲಸ ಶುರುವಾದಾಗ ಮೇಷ್ಟ್ರು ಎಲ್ಲರ ಮುಂದೆ, "ಒಂದು ಎರಡು ಅಂತ ಬರೆದ್ರೆ ನಮ್ಮ ಹಿಂದ್ಮುಂದು ಕೈಯಲ್ಲಿ ಉಳಿಯಲ್ಲ. ಕಷ್ಟ ಇರೋ ತೊಟ್ಟಿ ಅತ್ತೆಮನೆ, ಸುಖವಾಗಿರೋ ತೊಟ್ಟಿ ತವರು. ತವರನ್ನೂ ಅತ್ತೆಮನೇನೂ ಯಾರಾದ್ರೂ ಅದಲು ಬದಲು ಮಾಡ್ತಾರೇನಯ್ಯಾ?" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಇವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ. ಟ್ಯೂಬಿನ ಮುಚ್ಚಳಗಳ ಮೇಲೆ ತ ಎಂದೂ ಅ ಎಂದೂ ಬರೆಯುವಾಗ ಬರೆದದ್ದನ್ನು ತಿರುತಿರುಗಿ ಓದುತ್ತಿದ್ದ.

ಈಗ ಆ ತ ಕೆಂಪಾಗಿದೆ. ಅದಲು ಬದಲು ಮಾಡಿದ್ದರೆ ಹೇಗೆ ಕಾಣಬೇಕೋ ಹಾಗೇ ಕಾಣುತ್ತಿದೆ. ಅಷ್ಟೇ ಅಲ್ಲವೇ? ಅಷ್ಟೇ ಆಗಿರಬೇಕು. ಲ್ಯಾಬಿಗೆ ನಡೆದು ಹೋಗುತ್ತಾ ಅವನು ಆ ದಿನವನ್ನು ಮತ್ತೆ ಮನಸ್ಸಿಗೆ ತಂದುಕೊಂಡ. ಲಿವರ್ ತೆಗೆಯುವ ದಿನ. ಮಂಜುಗಡ್ಡೆಯ ನೀರಿಗೆ ಬಿದ್ದ ಮೀನು ಒಂದು ಸಲ ಬಾಲ ಬಡಿದು ಸುಮ್ಮನಾಗುತ್ತಿತ್ತು. ಬೆರಳುದ್ದದ ಪಟ್ಟೆ ಮೀನು, ಅದರ ಲಿವರ್ ಸಾಸಿವೆಯಷ್ಟು. ಮುಗಿಯುತ್ತಾ ಬಂದಾಗ ಜೇಬಿನಲ್ಲಿ ಫೋನು ನಡುಗಿತು. ತೆಗೆಯಬಾರದಿತ್ತು, ತೆಗೆದ. ಬಸುರಿ ಒಬ್ಬಳೇ ಇದ್ದಾಳೆ ಮನೆಯಲ್ಲಿ, ಬಿದ್ದಳೋ ಏನೋ. ಕೈಯಲ್ಲಿದ್ದ ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟು ಗ್ಲೌಸು ಕಿತ್ತು ಕಿವಿಗೆ ಹಿಡಿದರೆ ತಂಗಿ, "ಅಣ್ಣಾ, ಒದೀತು ಕಣೋ! ಈಗಷ್ಟೇ ಒದೀತು!" ಎಂದು ಕಿರುಚಿದ್ದಳು. ಹೂಂ ಹೂಂ ಎಂದಷ್ಟೇ ಹೇಳಿ ಕಿಟಕಿಯ ಬಳಿ ನಿಂತುಬಿಟ್ಟಿದ್ದ, ಎಷ್ಟು ಹೊತ್ತೋ. ಮತ್ತೆ ಮೇಜಿಗೆ ಬಂದಾಗ ಸ್ಟ್ಯಾಂಡು ಯಾವ ಕಡೆಗೆ ತಿರುಗಿತ್ತು? ಇನ್ನೂ ಹೆಸರು ಬರೆಯದ ಮುಚ್ಚಳಗಳು ಎಡಕ್ಕಿದ್ದವೋ ಬಲಕ್ಕಿದ್ದವೋ? ಎಡಕ್ಕಿದ್ದವು. ಇಲ್ಲ, ಎಡಕ್ಕಿದ್ದದ್ದು ಮಂಜುಗಡ್ಡೆಯ ಡಬ್ಬಿ. ಸ್ಟ್ಯಾಂಡು ತಿರುಗಿತ್ತು, ತಿರುಗಿರಲೇಬೇಕು. ಆ ಸಂತೋಷದಲ್ಲಿ ಯಾವನು ತಾನೇ ಸ್ಟ್ಯಾಂಡು ನೋಡಿ ಇಡುತ್ತಾನೆ? ಅವನು ಬೀದಿಯ ಮಧ್ಯೆ ನಿಂತು ಗಾಳಿಯಲ್ಲಿ ಸ್ಟ್ಯಾಂಡು ಇಟ್ಟು ತೋರಿಸಿಕೊಂಡ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ಪಕ್ಕಕ್ಕೆ ಸರಿದು, ತಿರುಗಿ ನೋಡುತ್ತಾ ಹೋದ.

ಬೆಳಗಿನ ಸಭೆ ಉದ್ದ ಮೇಜಿನ ಸುತ್ತ. ಪರದೆಯ ಮೇಲೆ ಕೆಂಪು ನೀಲಿ ಮೂಡುತ್ತಿದ್ದಂತೆ ಮೇಷ್ಟ್ರು ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು, ಆಮೇಲೆ ಕುರ್ಚಿಗೆ ಒರಗಿ ಇವನ ಕಡೆ ತಿರುಗಿದರು. "ಏನಯ್ಯಾ ಹಿಂದ್ಮುಂದು, ಮತ್ತೆ ಕೈಕೊಟ್ಯಾ?"

ಯಾರೋ ಕಿಸಕ್ಕೆಂದರು. ಇವನ ಕಿವಿಯೆಲ್ಲ ಬಿಸಿಯಾಯಿತು. ಆದರೆ ಒಳಗೆ, ನಾಚಿಕೆಯ ಅಡಿಯಲ್ಲಿ, ಏನೋ ಹಾಯೆನಿಸಿತು. ಮೇಷ್ಟ್ರೇ ಹೇಳಿದ ಮೇಲೆ ಅದು ತಪ್ಪೇ ಇರಬೇಕು. ಎಷ್ಟು ಬೇಕಾದರೂ ಬೈಯಲಿ, ಎಷ್ಟು ಬೇಕಾದರೂ ನಗಲಿ. "ಹೌದು ಸರ್. ನನ್ನಿಂದಲೇ ಆಗಿರ್ಬೇಕು," ಎಂದ.

"ಆಗಿರ್ಬೇಕು ಅಲ್ಲ, ಆಗಿದೆ ಅನ್ನು."

"ಆಗಿದೆ ಸರ್. ಅವತ್ತು ಮಧ್ಯದಲ್ಲಿ ಒಂದು ಫೋನ್ ಬಂತು."

"ಫೋನ್ ಬಂತಂತೆ! ಮೀನಿನ ಹೊಟ್ಟೆ ಕೊಯ್ತಾ ಫೋನಲ್ಲಿ ಹರಟೆ ಹೊಡೀತಿದ್ದನಂತೆ!" ಮೇಷ್ಟ್ರು ಎಲ್ಲರ ಮುಖ ನೋಡಿದರು. ಎಲ್ಲರೂ ನಕ್ಕರು. ನಗದಿದ್ದವಳು ಲೆಕ್ಕದಮ್ಮ ಒಬ್ಬಳೇ. "ಸರ್," ಎಂದಳು, "ತೊಟ್ಟಿಗೆ ಬಿಡೋ ಮುಂಚೆ ನಾನೇ ಒಂದೊಂದು ಮೀನಿನ ಬಾಲದ ಚೂರು ಕತ್ತರಿಸಿಟ್ಟಿದ್ದೆನಲ್ಲ. ಅದರ ಅಕ್ಷರಾನೂ ಓದಿ ಆಗಿದೆ. ಈ ಲಿವರ್ ಯಾವ ಮೀನಿಂದು ಅಂತ ತಾಳೆ ನೋಡಿದ್ರೆ ಅದಲು ಬದಲಾಗಿದ್ಯೋ ಇಲ್ವೋ ಗೊತ್ತಾಗಿ ಹೋಗುತ್ತೆ. ಕಾಫಿ ಕುಡಿದು ಬರೋಷ್ಟರಲ್ಲಿ ಹೇಳ್ತೀನಿ."

"ಬೇಡ ರೀ!" ಎಂದ ಇವನು. ದನಿ ಅಷ್ಟು ಜೋರಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಮೇಜಿನ ಸುತ್ತ ಎಲ್ಲರೂ ಅವನ ಕಡೆ ತಿರುಗಿದರು. ಮೇಷ್ಟ್ರಿಗೆ ಮಾತ್ರ ಖುಷಿಯಾಯಿತು. "ಅವನೇ ಒಪ್ಕೊಂಡ ಮೇಲೆ ಸಾಕ್ಷಿ ಯಾಕಮ್ಮಾ? ಪಾಪ, ಇನ್ನೂ ಎಷ್ಟು ಮಾನ ಕಳೀತೀಯ? ತಿದ್ದು, ಮುಂದೆ ಹೋಗೋಣ." ಲೆಕ್ಕದಮ್ಮ ತುಟಿ ಬಿಗಿದು ಎರಡು ಹೆಸರುಗಳನ್ನು ಒಂದರ ಜಾಗಕ್ಕೆ ಒಂದನ್ನು ಎಳೆದಳು. ಕೆಂಪೆಲ್ಲ ಅತ್ತೆಮನೆಗೆ ಹೋಯಿತು, ತವರು ನೀಲಿಯಾಯಿತು. ಎಲ್ಲ ಎಷ್ಟು ಚೆನ್ನಾಗಿ ಹೊಂದಿತು! ನದಿ ಕೆಟ್ಟಿದೆ, ನಲ್ಲಿ ಒಳ್ಳೆಯದು. ಲೋಕ ಹೇಗಿರಬೇಕೋ ಹಾಗಿದೆ. ಮೇಷ್ಟ್ರು ಮೇಜಿನ ಮೇಲಿನ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ, ತಲೆ ಹಿಂದಕ್ಕೆ ಹಾಕಿ, ಗಟಗಟ ಕುಡಿದರು. ಅವರ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬರುವುದನ್ನು ಇವನು ನೋಡುತ್ತಾ ಕುಳಿತ. ಅವರು ಲೋಟ ಕೆಳಗಿಟ್ಟು, "ಏನಯ್ಯಾ ಹಾಗೆ ನುಂಗೋ ಹಾಗೆ ನೋಡ್ತೀಯ? ನಿಂಗೂ ಬೇಕಾ?" ಎಂದು ಹೂಜಿಯನ್ನು ಇವನ ಕಡೆ ತಳ್ಳಿದರು. ಬೇಡವೆಂದರೆ ಏನಾದರೂ ಹೇಳಬೇಕಾಗುತ್ತದೆ ಎಂದು ಅವನು ಅರ್ಧ ಲೋಟ ಬಗ್ಗಿಸಿಕೊಂಡು ತುಟಿಗೆ ತಾಗಿಸಿ ಇಟ್ಟ.

ಸಭೆ ಮುಗಿದ ಮೇಲೆ ಹೋಗಬಾರದು ಅಂದುಕೊಂಡರೂ ಕಾಲು ತೊಟ್ಟಿಗಳ ಕೋಣೆಗೇ ಎಳೆಯಿತು. ಕೋಣೆ ಬೆಚ್ಚಗಿತ್ತು, ಗಾಳಿಯ ಪಂಪುಗಳು ಒಂದೇ ಸಮ ಗುಳುಗುಳು ಅನ್ನುತ್ತಿದ್ದವು. ಅತ್ತೆಮನೆಯ ಗಾಜಿಗೆ ನದಿಯ ಕೆಸರು ಕಟ್ಟಿ ಕಂದು ಗೆರೆ ಮೂಡಿತ್ತು. ಕುರುಡನೂ ಮೂಸಿ ಹೇಳಬಹುದಾದ ತೊಟ್ಟಿ ಅದು, ತೊಟ್ಟಿಯೇ ಅದಲು ಬದಲಾಗುವ ಮಾತಿಲ್ಲ. ತವರಿನ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಉಳಿದ ಮೀನುಗಳು ಇವನ ನೆರಳು ಕಂಡದ್ದೇ ತಿನ್ನಲು ಬಂತೆಂದು ಗಾಜಿನ ಹತ್ತಿರ ಓಡಿಬಂದು ಗುಂಪುಗೂಡಿದವು. ದುಂಡಗೆ, ಚುರುಕಾಗಿ, ಎಷ್ಟು ಆರೋಗ್ಯವಾಗಿದ್ದವು! ಇವಕ್ಕೇನಾಗಿದೆ, ಏನೂ ಆಗಿಲ್ಲ ಎಂದು ಅವನು ಬಾಯಿಬಿಟ್ಟೇ ಹೇಳಿದ. ಹೇಳುತ್ತಿದ್ದಂತೆ ಆ ಗಂಡು ಮೀನುಗಳ ಒಳಗೆ ಯಾರಿಗೂ ಕಾಣದಂತೆ ಬೇಡದ ಮೊಟ್ಟೆಯ ಹಳದಿ ತಯಾರಾಗುತ್ತಿರುವುದು ಕಣ್ಣಿಗೆ ಕಟ್ಟಿತು. ಯಾರು ಹೇಳಿದರು ಅವಕ್ಕೆ? ನೀರು ಹೇಳಿತು. ಮೈಯೊಳಗೆ ಹೊಕ್ಕು, ನೀನು ಗಂಡಲ್ಲ ಎಂದು ಹೇಳಿತು, ಮೈ ನಂಬಿತು. ಬೆಳೆದು ನಿಂತ ಮೀನಿಗೇ ಹೀಗಾದರೆ ಇನ್ನೂ ಏನಾಗಬೇಕೆಂದು ಕೇಳುತ್ತಾ ಹೊಟ್ಟೆಯೊಳಗೆ ಬೆಳೆಯುತ್ತಿರುವುದರ ಗತಿ ಏನು? ಬೆರಳು ಮೂಡುವ ಹೊತ್ತಿಗೆ, ಮೂಗು ಮೂಡುವ ಹೊತ್ತಿಗೆ ಯಾರೋ ಕಿವಿಯಲ್ಲಿ ಸುಳ್ಳು ಹೇಳಿದರೆ? ಡ್ರಮ್ಮಿನ ಮೇಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಬಿಗಿಯಾಗಿ ತಿರುಗಿಸಿದ, ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮಧ್ಯಾಹ್ನದ ಊಟಕ್ಕೆ ಅವನು ಮನೆಗೇ ಹೋಗುತ್ತಿದ್ದ. ದಾರಿಯ ಅಂಗಡಿಯ ಮುಂದೆ ನೀರಿನ ಬಾಟಲಿಗಳನ್ನು ಗೋಪುರದ ಹಾಗೆ ಜೋಡಿಸಿಟ್ಟಿದ್ದರು. ಅವುಗಳ ಮುಂದೆ ನಿಂತ. ದೊಡ್ಡ ಕ್ಯಾನೊಂದನ್ನು ಹೊತ್ತುಕೊಂಡು ಹೋದರೆ ಮುಗಿಯಿತು. ಆದರೆ ಹೊತ್ತುಕೊಂಡು ಹೋದರೆ, ಯಾಕೆ ಎಂದು ತಂಗಿ ಕೇಳುತ್ತಾಳೆ. ಅವಳಿಗೆ ಏನಾದರೊಂದು ಹೇಳಬಹುದು. ತನಗೆ ಏನು ಹೇಳಿಕೊಳ್ಳುವುದು? ತಪ್ಪು ನನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡು ಬಂದವನು ಬಾಟಲಿ ನೀರು ಕೊಂಡರೆ ತನ್ನ ಮಾತನ್ನು ತಾನೇ ನಂಬಲಿಲ್ಲ ಎಂದಾಯಿತು. ಕೊಳ್ಳದಿದ್ದರೆ ನೀರು ಚೆನ್ನಾಗಿದೆ. ಕೊಂಡ ಗಳಿಗೆಯಿಂದ ಕೆಟ್ಟಿದೆ. ಈ ಲೆಕ್ಕ ಹುಚ್ಚುತನದ್ದೆಂದು ಗೊತ್ತಿದ್ದೂ ಅವನಿಂದ ಅದನ್ನು ದಾಟಲಾಗಲಿಲ್ಲ. ಅಂಗಡಿಯವನು, "ಏನು ಕೊಡ್ಲಿ ಸ್ವಾಮಿ?" ಎಂದದ್ದಕ್ಕೆ ಬೇಕಿಲ್ಲದ ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಹೊರಟ.

ತಂಗಿ ಕಾಲು ಚಾಚಿ ಕುಳಿತು ಬಟ್ಟೆ ಮಡಿಸುತ್ತಿದ್ದಳು. ಮಡಿಲಿನಲ್ಲಿ ಜಾಗ ಇಲ್ಲವಾಗಿ ಬಟ್ಟೆಗಳನ್ನು ಹೊಟ್ಟೆಯ ಮೇಲೇ ಇಟ್ಟುಕೊಂಡಿದ್ದಳು. "ಮುಖ ಯಾಕೆ ಇಷ್ಟುದ್ದ ಆಗಿದೆ? ಮೇಷ್ಟ್ರು ಬೈದ್ರಾ?" ಎಂದಳು.

"ಹೂಂ. ಸ್ಟ್ಯಾಂಡು ಹಿಂದುಮುಂದಾಗಿತ್ತಂತೆ. ಮತ್ತೆ."

"ಅಯ್ಯೋ ನಿನ್ನ! ಅದೆಂಥಾ ಕೈನೋ ನಿಂದು. ಚಿಕ್ಕೋನಿದ್ದಾಗ ಎಡಗಾಲಿನ ಶೂ ಬಲಗಾಲಿಗೆ ಹಾಕ್ಕೊಂಡು ಇಡೀ ದಿನ ಕುಂಟ್ತಿದ್ಯಂತೆ, ಅಮ್ಮ ಹೇಳ್ತಿದ್ಲು." ನಕ್ಕಳು. ಅವಳ ನಗು ಅವನಿಗೆ ಯಾವತ್ತೂ ಹೊಡೆತದ ಹಾಗೂ ಹಿಡಿತದ ಹಾಗೂ ಇರುತ್ತಿತ್ತು. ಬಾಗಿಲು ಹಾಕಿದೆನೋ ಇಲ್ಲವೋ, ಒಲೆ ಆರಿಸಿದೆನೋ ಇಲ್ಲವೋ, ಎದೆಯಲ್ಲಿ ಚುಚ್ಚುವುದು ವಾಯುವೋ ಹೃದಯವೋ. ದಿನಕ್ಕೆ ನೂರು ಹೆದರಿಕೆ ತಂದು ಅವಳ ಮುಂದೆ ಸುರಿಯುತ್ತಿದ್ದ, ಅವಳು ನಗುತ್ತಿದ್ದಳು, ಹೆದರಿಕೆ ಸಣ್ಣದಾಗಿ ಓಡಿಹೋಗುತ್ತಿತ್ತು. ಈಗಲೂ ಹೇಳಬಹುದಿತ್ತು. ಪುಟ್ಟಿ, ನಂಗೊಂದು ಹೆದರಿಕೆ ಬಂದಿದೆ ಎಂದು ಶುರುಮಾಡಿದರೆ ಸಾಕಿತ್ತು. ಬಾಯಿ ತೆರೆದ. ಇದಕ್ಕೆ ಅವಳು ನಗದಿದ್ದರೆ ಎಂಬುದು ಹೊಳೆದು ಬಾಯಿ ಮುಚ್ಚಿದ. "ಅಣ್ಣ, ಏಳೋಕಾಗ್ತಿಲ್ಲ, ಒಂದು ಲೋಟ ನೀರು ಕೊಡೋ," ಎಂದಳು ತಂಗಿ.

ಅಡುಗೆಮನೆಯಲ್ಲಿ ನೀರಿನ ಪಾತ್ರೆ ಮುಚ್ಚಿಟ್ಟಿತ್ತು. ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದ ನೀರು. ದಿನಾ ಬೆಳಿಗ್ಗೆ ತಾನೇ ಮಾಡಿಡುತ್ತಿದ್ದ, ಬಸುರಿಗೆ ಹಸಿ ನೀರು ಆಗದೆಂದು. ಕುದಿಸಿದರೆ ಹುಳ ಸಾಯುತ್ತದೆ. ಇದು ಹುಳವಲ್ಲ, ಸಾಯುವುದಿಲ್ಲ. ಲೋಟ ತುಂಬಿದ. ಕಿಟಕಿಯ ಬೆಳಕಿಗೆ ಹಿಡಿದ. ಏನಿದೆ ಇದರಲ್ಲಿ? ಏನೂ ಇಲ್ಲ. ಅದಲು ಬದಲಾಗಿದೆ ಎಂದು ಮೇಷ್ಟ್ರೇ ಹೇಳಿದ್ದಾರೆ; ಅವರಿಗಿಂತ ನೀನು ಹೆಚ್ಚು ಬಲ್ಲೆಯಾ? ಚೆಲ್ಲಿಬಿಟ್ಟರೆ? ಕೈಜಾರಿತು ಎಂದರೆ ಯಾರು ಅಲ್ಲವೆನ್ನುತ್ತಾರೆ, ಹೇಗೂ ಹೆಸರುವಾಸಿಯಾದ ಕೈ. ಆದರೆ ಆಮೇಲೆ ಇನ್ನೊಂದು ಲೋಟ ಕೇಳುತ್ತಾಳೆ, ಅದಾದ ಮೇಲೆ ಇನ್ನೊಂದು. "ಏನೋ, ಬಾವಿ ತೋಡ್ತಿದ್ಯಾ?" ಎಂದು ಆಚೆಯಿಂದ ದನಿ ಬಂತು. ಅವನು ಹೊರಗೆ ಬಂದು ಲೋಟವನ್ನು ಅವಳ ಕೈಗೆ ಕೊಟ್ಟ. ಅವಳು ಕುಡಿದಳು. ಸಾವಕಾಶವಾಗಿ, ಕಣ್ಣು ಮುಚ್ಚಿ, ಪೂರ್ತಿ ಕುಡಿದು, ತುಟಿ ಒರೆಸಿಕೊಂಡು ಖಾಲಿ ಲೋಟ ವಾಪಸು ಕೊಟ್ಟಳು. ಲೋಟಕ್ಕೆ ಅವಳ ಬೆರಳಿನ ಬಿಸಿ ಇನ್ನೂ ಇತ್ತು.

ಊಟ ಅರ್ಧಕ್ಕೇ ಬಿಟ್ಟು ಎದ್ದ. ಲ್ಯಾಬಿಗೆ ವಾಪಸು ಓಡಿದ ಎಂದೇ ಹೇಳಬೇಕು. ಲೆಕ್ಕದಮ್ಮನ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಾಗ ಅವಳು ಕುರ್ಚಿ ಸಮೇತ ಇವನ ಕಡೆ ತಿರುಗಿದಳು. ಮುಖದ ತುಂಬ ಸಂಭ್ರಮ. "ಬನ್ನಿ ಬನ್ನಿ, ನಾನೇ ಫೋನ್ ಮಾಡೋಳಿದ್ದೆ. ನೀವು ಬೇಡ ಅಂದ್ರಿ, ಆದ್ರೆ ನಂಗೆ ಕೈ ಸುಮ್ನಿರ್ಬೇಕಲ್ಲ! ಬಾಲದ ಚೂರು ತಾಳೆ ಹಾಕಿ ನೋಡ್ದೆ. ಒಂದೊಂದೂ ಅದರದರ ಜಾಗದಲ್ಲೇ ಇದೆ ಕಣ್ರೀ. ಒಂದೇ ಒಂದೂ ಆಚೀಚೆ ಆಗಿಲ್ಲ. ಬದುಕಿದ್ರಿ ಬಿಡಿ! ನಿಮ್ಮ ಕೈ ಸರಿಯಾಗೇ ಇದೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ನಿಮ್ಮ ಕೈ ಸರಿಯಾಗಿದೆ: ಈ ಮಾತನ್ನು ಯಾರಾದರೂ ಒಂದು ದಿನ ಎಲ್ಲರ ಮುಂದೆ ಹೇಳಬೇಕೆಂದು ಎಷ್ಟು ಆಸೆಪಟ್ಟಿದ್ದ! ಹೇಳಿದ ಮೇಲೆ ತಾನು ಏನು ಹೇಳಬೇಕು, ಹೇಗೆ ತಲೆ ತಗ್ಗಿಸಿ ಇರಲಿ ಬಿಡಿ ಎನ್ನಬೇಕು ಎಂದು ಕೂಡ ಯೋಚಿಸಿಟ್ಟುಕೊಂಡಿದ್ದ. "ಇನ್ನೊಂದ್ಸಲ ನೋಡಿ," ಎಂದ.

"ನೋಡಾಯ್ತು ರೀ."

"ನಿಮ್ಮಿಂದ ತಪ್ಪಾಗಿರ್ಬಹುದಲ್ಲ. ಚೂರು ಕತ್ತರಿಸೋವಾಗ. ಆಗುತ್ತೆ, ಎಲ್ರಿಗೂ ಆಗುತ್ತೆ."

"ಏನ್ರೀ ನೀವು! ನಿಮ್ಮ ಮಾನ ಉಳಿಸ್ದೆ ಅಂತ ನಾನು ಕುಣೀತಿದ್ರೆ," ಎಂದು ಶುರುಮಾಡಿದವಳು ಅವನ ಮುಖ ನೋಡಿ ನಿಲ್ಲಿಸಿದಳು. ಅವನ ಕಣ್ಣು ಅವಳು ನಲ್ಲಿಯಲ್ಲಿ ತುಂಬಿಸಿ ಮೇಜಿನ ಮೇಲಿಟ್ಟುಕೊಂಡಿದ್ದ ನೀರಿನ ಬಾಟಲಿಯ ಮೇಲಿತ್ತು. ಅವಳೂ ಅದರ ಕಡೆ ನೋಡಿದಳು. ಲೆಕ್ಕ ಅವಳಿಗೆ ಎಂದೂ ತಡವಾಗುತ್ತಿರಲಿಲ್ಲ, ಇಂದು ಆಯಿತು. ಲೆಕ್ಕ ಸರಿಬಂದ ಖುಷಿಯಲ್ಲಿ ಅದು ಯಾವುದರ ಲೆಕ್ಕ ಎಂಬುದನ್ನೇ ಮರೆತಿದ್ದಳು. "ಅಯ್ಯಯ್ಯೋ," ಎಂದಳು ಮೆಲ್ಲಗೆ. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, "ಕಾರ್ಖಾನೆಯವರು ಕೊಳೆ ನೀರು ನದಿಗೆ ಬಿಡೋದು ನಿಲ್ಸಿದ್ದೀವಿ ಅಂತಿದ್ರು. ಸುಳ್ಳು ಅಂದ್ಕೊಂಡಿದ್ದೆ. ನಿಜವಾಗ್ಲೂ ನಿಲ್ಸಿದ್ದಾರೆ. ಹಾಗಾದ್ರೆ ಎಲ್ಲಿಗೆ ಬಿಡ್ತಿದ್ದಾರೆ?" ಎಂದಳು. ನೆಲಕ್ಕೋ, ಬಾವಿಗೋ, ಕೊಳವೆಗೋ. ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಬಾಟಲಿಯನ್ನು ಒಂದು ಬೆರಳಿನಿಂದ ದೂರ ಸರಿಸಿದಳು. ಮನೆಯಲ್ಲಿ ಇನ್ನೂ ಹಲ್ಲು ಬಾರದ ಮಗು ಇತ್ತು ಅವಳಿಗೆ.

ಮೇಷ್ಟ್ರು ಊರಾಚೆ ಯಾವುದೋ ಸಮಾರಂಭಕ್ಕೆ ಹೋಗಿದ್ದರು. ಫೋನಿನಲ್ಲಿ ಲೆಕ್ಕದಮ್ಮ ಎಲ್ಲ ಹೇಳಿದಳು. ಆ ಕಡೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದ ಸದ್ದು. ಕೊನೆಗೆ, "ಅವನಿದ್ದಾನಾ ಅಲ್ಲಿ?" ಎಂದರು. ಫೋನು ಇವನ ಕೈಗೆ ಬಂತು. "ನೋಡಪ್ಪಾ," ಎಂದರು ಮೇಷ್ಟ್ರು. ಅಪ್ಪಾ ಎಂದು ಅವರು ಇವನನ್ನು ಎಂದೂ ಕರೆದವರಲ್ಲ. "ಬೆಳಿಗ್ಗೆ ನೀನೇ ಒಪ್ಕೊಂಡಿದ್ದೀಯ, ಅದು ಹಾಗೇ ಇರ್ಲಿ. ಮತ್ತೆ ಮೊದಲಿಂದ ಮಾಡಿ ನೋಡೋಣ, ಬೇರೆ ಮೀನು ತರ್ಸೋಣ. ಅಲ್ಲೀವರೆಗೂ ಬಾಯಿ ಬಿಡಬೇಡ. ಜನ ಹೆದರ್ತಾರೆ." "ಹೆದರ್ಲಿ ಸರ್," ಎಂದು ಹೇಳಬೇಕೆಂದಿದ್ದ. "ಆಯ್ತು ಸರ್," ಎಂದ. ಫೋನಿಟ್ಟ ಮೇಲೆ ಲೆಕ್ಕದಮ್ಮ ಅವನ ಮುಖ ನೋಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, "ನಾನು ಮನೆಗೆ ಹೋಗ್ತೀನಿ. ನೀವೂ ಹೋಗಿ," ಎಂದು ಹೊರಟುಹೋದಳು.

ಬೀದಿಯಲ್ಲಿ ಬಿಸಿಲು ಇಳಿದಿತ್ತು. ಒಬ್ಬಳು ಗಿಡಕ್ಕೆ ನೀರು ಹಾಕುತ್ತಿದ್ದಳು. ಯಾರೋ ಗಾಡಿ ತೊಳೆಯುತ್ತಿದ್ದರು, ನೀರು ಇಳಿಜಾರಿನಲ್ಲಿ ಹರಿದು ಇವನ ಚಪ್ಪಲಿಯವರೆಗೆ ಬಂತು. ಶಾಲೆಯ ಗೇಟಿನೊಳಗೆ ಮಕ್ಕಳು ನಲ್ಲಿಗೆ ಬಾಯಿಟ್ಟು ಒಬ್ಬರನ್ನೊಬ್ಬರು ತಳ್ಳಿ ಕುಡಿಯುತ್ತಿದ್ದರು. ಅವನು ಗೇಟಿನ ಕಂಬಿ ಹಿಡಿದು ನಿಂತ. ಕೂಗಬೇಕು. ಏನೆಂದು ಕೂಗುವುದು? ಕುಡಿಯಬೇಡಿ ಎಂದರೆ ಮೊದಲು ಅವು ನಗುತ್ತವೆ, ಆಮೇಲೆ ಕಾವಲಿನವನು ಬಂದು ಯಾರು ನೀವು ಎನ್ನುತ್ತಾನೆ. ಬಾಯಿ ಬಿಡಬೇಡ ಎಂದಿದ್ದಾರೆ. ಬಿಟ್ಟರೆ ಕೆಲಸ ಹೋಗುತ್ತದೆ. ಥೂ, ಈಗಲೂ ನನಗೆ ಕೆಲಸದ ಚಿಂತೆಯೇ? ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾದರೂ ಕೂಗು ಬರಲಿಲ್ಲ, ಕಾವಲಿನವನು ಎದ್ದದ್ದನ್ನು ಕಂಡು ಮುಂದೆ ನಡೆದ. ಅಂಗಡಿಯಲ್ಲಿ ಕ್ಯಾನು ಕೊಂಡು ಹೆಗಲಿಗೇರಿಸಿದ. ಭಾರಕ್ಕೆ ಕತ್ತು ಒಂದು ಕಡೆ ವಾಲಿತು.

ಬಾಗಿಲು ತೆರೆದ ತಂಗಿ ಕ್ಯಾನು ನೋಡಿ, "ಓಹೋ, ಸಾಹುಕಾರ್ರು ಬಂದ್ರು! ಇದೇನಿದು?" ಎಂದಳು.

"ಪುಟ್ಟಿ, ಕೂತ್ಕೋ."

"ಯಾಕೋ? ಅವರಿಗೇನಾದ್ರೂ..." ಅವಳ ಮುಖ ಬಿಳುಚಿತು, ಹಡಗು ನೆನಪಾಗಿರಬೇಕು.

"ಇಲ್ಲ ಇಲ್ಲ, ಭಾವ ಚೆನ್ನಾಗಿದ್ದಾರೆ. ನೀರು. ನೀರು ಸರಿಯಿಲ್ಲ ಕಣೇ." ಹೇಳಿದ. ತವರು, ಅತ್ತೆಮನೆ, ಕೆಂಪು, ನೀಲಿ, ಬಾಲದ ಚೂರು. ತೊದಲಿದ, ಹಿಂದಿನದನ್ನು ಮುಂದೆ ಹೇಳಿ ಮುಂದಿನದನ್ನು ಹಿಂದೆ ಹೇಳಿದ, ಆದರೂ ಹೇಳಿದ. ಮೊದಮೊದಲು ಅವಳ ತುಟಿಯ ಅಂಚಿನಲ್ಲಿ ನಗು ಸಿದ್ಧವಾಗಿತ್ತು. ಅಣ್ಣನ ಹೆದರಿಕೆಗೆಂದು ಯಾವಾಗಲೂ ಇಟ್ಟುಕೊಂಡಿರುತ್ತಿದ್ದ ನಗು. ಅದು ಎಲ್ಲಿಯೋ ಮಧ್ಯದಲ್ಲಿ ಇಲ್ಲವಾಯಿತು. ಅವಳು ಎರಡು ಕೈಯನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಮೀನು ಸತ್ವಾ?" ಎಂದಳು.

"ಇಲ್ಲ. ಚೆನ್ನಾಗಿವೆ. ತಿಂತಾವೆ, ಓಡಾಡ್ತಾವೆ."

"ಚೆನ್ನಾಗಿವೆಯಲ್ಲ ಮತ್ತೆ!" ಎಂದಳು, ಹಿಡಿದಿದ್ದ ಉಸಿರು ಬಿಟ್ಟು. ಅವಳ ಕಣ್ಣು ಅವನ ಮುಖದಲ್ಲಿ ಹೂಂ ಎಂಬ ಮಾತಿಗಾಗಿ ಹುಡುಕಿತು. ಒಂದು ಹೂಂ ಅಂದಿದ್ದರೆ ಸಾಕಿತ್ತು, ಅವಳು ಎದ್ದು ಒಲೆ ಹಚ್ಚುತ್ತಿದ್ದಳು. "ಹೊರಗಡೆ ಮಾತ್ರ," ಎಂದ ಅವನು. ಅವಳು ಅವನನ್ನೇ ನೋಡುತ್ತಾ ಕುಳಿತಳು. ತನ್ನ ಜೊತೆ ಯಾರಾದರೂ ಹೆದರಬೇಕೆಂದು ಅವನು ಬದುಕಿಡೀ ಬಯಸಿದ್ದ. ಈಗ ಅವಳು ಹೆದರಿದ್ದಳು, ಅವನಿಗೆ ಅದನ್ನು ನೋಡಲಾಗಲಿಲ್ಲ.

"ಮಧ್ಯಾಹ್ನ ನೀರು ಕೊಟ್ಯಲ್ಲ," ಎಂದಳು. "ಆವಾಗ ಗೊತ್ತಿತ್ತಾ ನಿಂಗೆ?"

"ಇಲ್ಲ ಪುಟ್ಟಿ, ಆಣೆ ಮಾಡಿ ಹೇಳ್ತೀನಿ, ಗೊತ್ತಿರ್ಲಿಲ್ಲ. ಹೆದರಿಕೆ ಇತ್ತು, ಅಷ್ಟೇ."

"ಇತ್ತಲ್ಲ," ಎಂದಳು. ಕೂಗಲಿಲ್ಲ, ಅಳಲಿಲ್ಲ. "ಇಲ್ಲದ್ದಕ್ಕೆಲ್ಲ ನನ್ನ ಪ್ರಾಣ ತಿಂತಿದ್ದೋನು ಇದೊಂದಕ್ಕೆ ಬಾಯಿ ಮುಚ್ಕೊಂಡಿದ್ಯಲ್ಲೋ ಅಣ್ಣ."

ಮೇಲಿನ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು; ಗೋಡೆಯೊಳಗಿನ ಕೊಳವೆಯಲ್ಲಿ ನೀರು ಸರಸರ ಏರುವುದು ಇಬ್ಬರಿಗೂ ಕೇಳಿಸಿತು. ತಂಗಿ ಸೂರಿನ ಕಡೆ ನೋಡಿದಳು, ಆಮೇಲೆ ಅವನ ಕಡೆ. "ಹೋಗು," ಎಂದಳು. "ಅವರಿಗಾದ್ರೂ ಹೇಳು. ಹೋಗೋ!"

ಅವನು ಮೆಟ್ಟಿಲು ಹತ್ತಿದ. ಮೇಲಿನ ಮನೆಯಾಕೆಯನ್ನು ಮೆಟ್ಟಿಲ ಮೇಲೆ ಎದುರಾದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದು ಬಿಟ್ಟರೆ ಒಂದು ದಿನವೂ ಮಾತಾಡಿಸಿದ್ದಿಲ್ಲ. ಏನು ಹೇಳಬೇಕೆಂದು ಒಂದೊಂದೇ ಮಾತು ಜೋಡಿಸಿಕೊಂಡ: ನೀರು ಕುಡಿಯಬೇಡಿ, ಕುದಿಸಿದರೂ ಪ್ರಯೋಜನವಿಲ್ಲ, ನಾನು ಕೆಳಗಿನ ಮನೆಯವನು, ಲ್ಯಾಬಿನಲ್ಲಿ ಕೆಲಸ. ಬಾಗಿಲು ತಟ್ಟಿದ. ಒಳಗೆ ನಲ್ಲಿ ನಿಂತಿತು, ಹೆಜ್ಜೆ ಹತ್ತಿರ ಬಂತು, ಬಾಗಿಲು ತೆರೆಯಿತು. ಮೊಣಕೈವರೆಗೆ ಒದ್ದೆಯಾದ ಕೈಗಳನ್ನು ಸೆರಗಿಗೆ ಒರೆಸುತ್ತಾ ಆಕೆ ನಿಂತಿದ್ದಳು. "ಏನ್ರೀ? ಏನಾಯ್ತು?" ಎಂದಳು. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಯೋ ಉದುರಿಹೋಗಿ, ಅವನ ಬಾಯಿಂದ ಮೊದಲು ಹೊರಬಿದ್ದದ್ದು, "ನಾನು ತಪ್ಪು ಮಾಡಿಲ್ಲ ರೀ," ಎಂದು.